ಈ ಮಾತನ್ನು ಮೊದಲು ಹೇಳಿದವರು ಯಾರು?

(ವಿಶ್ವಸಂಸ್ಥೆಯ ಸ್ವಯಂಸೇವಕರಾಗಿ ಪೂರ್ವ ಕಾಂಗೋದಲ್ಲಿ ಮಾಹಿತಿ ವಿಶ್ಲೇಷಕರ ಕೆಲಸ ಮಾಡಿದವರೊಬ್ಬರು ಮಂಗಳೂರಿನಲ್ಲಿ ಯುವಜನರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಭೆಯ ಕರಪತ್ರದಲ್ಲಿ ನನ್ನನ್ನು ‘ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ದುಡಿದವರು’ ಎಂದು ಪರಿಚಯಿಸಲಾಗಿದೆ. ಅದನ್ನು ಓದಿದ ನನ್ನ ಸೋದರಮಾವ, ‘ನೀನು ಬಂದೂಕು ಹಿಡಿದದ್ದು ಯಾವಾಗ ಮಾರಾಯ?’ ಎಂದು ಕೇಳಿದರು. ಅವರ ಪ್ರಶ್ನೆ ಸಹಜವಾದುದೇ. ಶಾಂತಿಪಾಲನೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ನೀಲಿ ಶಿರಸ್ತ್ರಾಣ ಧರಿಸಿದ ಸೈನಿಕ. ನಾನು ಆ ಸೈನಿಕನಲ್ಲ. 2014ರಿಂದ ಎರಡು ವರ್ಷಗಳ ಕಾಲ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಪೂರ್ವಭಾಗದಲ್ಲಿ ನಾನು ಮಾಡಿದ್ದು ಮೇಜಿನ ಕೆಲಸ. ಒಂದು ಕಂಪ್ಯೂಟರ್, ಗೋಡೆಯ ಮೇಲೊಂದು ನಕಾಶೆ, ಪ್ರತಿದಿನ ಬಂದು ಬೀಳುವ ವರದಿಗಳ ರಾಶಿ. ಹುದ್ದೆಯ ಹೆಸರು ಮಾಹಿತಿ ವಿಶ್ಲೇಷಕ.

ಆ ಎರಡು ವರ್ಷಗಳಲ್ಲಿ ನಾನು ಕಲಿತ ಒಂದು ಪಾಠವನ್ನು ನಿಮ್ಮ ಮುಂದಿಡಲು ಬಂದಿದ್ದೇನೆ. ಅಮಾಯಕರು ಸಾಯುವುದು ಮಾಹಿತಿಯ ಕೊರತೆಯಿಂದ ಮಾತ್ರವಲ್ಲ. ಅನೇಕ ಸಂದರ್ಭಗಳಲ್ಲಿ ಮಾಹಿತಿ ಮೊದಲೇ ಬಂದಿರುತ್ತದೆ. ಆದರೆ ಅದನ್ನು ಹೇಳಿದವರು ಯಾರೆಂದು ನೋಡಿ ನಾವು ಕಿವಿ ತೆರೆಯುತ್ತೇವೆ ಅಥವಾ ಮುಚ್ಚಿಕೊಳ್ಳುತ್ತೇವೆ. ದೊಡ್ಡವರು ಹೇಳಿದ ಸುಳ್ಳನ್ನು ನಂಬುತ್ತೇವೆ, ದುರ್ಬಲರು ಹೇಳಿದ ಸತ್ಯವನ್ನು ಕಡತದ ಅಡಿಗೆ ಸರಿಸುತ್ತೇವೆ.

ಸ್ವಯಂಸೇವಕ ಎಂದರೆ ಯಾರು?

ಮೊದಲು ಈ ಹುದ್ದೆಯ ಕುರಿತು ಎರಡು ಮಾತು. ವಿಶ್ವಸಂಸ್ಥೆಯ ಮಹಾಸಭೆಯು 1970ರಲ್ಲಿ ಸ್ವಯಂಸೇವಕರ ಕಾರ್ಯಕ್ರಮವೊಂದನ್ನು ಸ್ಥಾಪಿಸಿತು. ಅದರ ಕೇಂದ್ರ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. ವೈದ್ಯರು, ಎಂಜಿನಿಯರುಗಳು, ಚುನಾವಣಾ ಕಾರ್ಯಕರ್ತರು, ಮಾನವ ಹಕ್ಕುಗಳ ಅಧಿಕಾರಿಗಳು ಹೀಗೆ ನಾನಾ ವೃತ್ತಿಯವರು ಇದರ ಮೂಲಕ ಶಾಂತಿಪಾಲನಾ ಕಾರ್ಯಾಚರಣೆಗಳಿಗೆ ಹೋಗುತ್ತಾರೆ. ಕೆಲಸ ಪೂರ್ಣಕಾಲಿಕ. ಸಿಗುವುದು ಸಂಬಳವಲ್ಲ, ಜೀವನ ನಿರ್ವಹಣೆಯ ಭತ್ಯೆ. ಒಂದೇ ಕೋಣೆಯಲ್ಲಿ, ಒಂದೇ ಬಗೆಯ ಕೆಲಸ ಮಾಡುವ ಖಾಯಂ ಸಿಬ್ಬಂದಿಯ ಆದಾಯಕ್ಕೂ ಸ್ವಯಂಸೇವಕನ ಭತ್ಯೆಗೂ ಅಜಗಜಾಂತರವಿದೆ. ಅಪಾಯ ಮಾತ್ರ ಇಬ್ಬರಿಗೂ ಸಮಾನ. 1993ರ ಎಪ್ರಿಲ್‌ನಲ್ಲಿ ಕಾಂಬೋಡಿಯಾದ ಚುನಾವಣಾ ಸಿದ್ಧತೆಯಲ್ಲಿ ತೊಡಗಿದ್ದ ಜಪಾನಿನ 25 ವರ್ಷದ ಸ್ವಯಂಸೇವಕ ಅತ್ಸುಹಿತೊ ನಕಾತಾ ಗುಂಡಿಗೆ ಬಲಿಯಾದರು. ಮಗನನ್ನು ಕಳಕೊಂಡ ತಂದೆ ಬಳಿಕ ಅದೇ ಸ್ವಯಂಸೇವೆಯ ಗೌರವ ರಾಯಭಾರಿಯಾಗಿ ಜಗತ್ತು ಸುತ್ತಿದರು.

ಭಾರತೀಯರಿಗೆ ಈ ಕ್ಷೇತ್ರ ಹೊಸದಲ್ಲ. ನಮ್ಮ ದೇಶದ 2 ಲಕ್ಷ 90 ಸಾವಿರಕ್ಕೂ ಮಿಕ್ಕಿದ ಯೋಧರು ಇದುವರೆಗೆ ವಿಶ್ವಸಂಸ್ಥೆಯ ಧ್ವಜದಡಿಯಲ್ಲಿ ದುಡಿದಿದ್ದಾರೆಂದು ಸರಕಾರದ ಲೆಕ್ಕ ಹೇಳುತ್ತದೆ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ಶಾಂತಿಪಡೆಯ ದಂಡನಾಯಕರಾಗಿದ್ದಾಗಲೇ 1965ರ ಡಿಸೆಂಬರ್‌ನಲ್ಲಿ ಕೊನೆಯುಸಿರೆಳೆದರು. ನಾನಿದ್ದ ಕಾಲದಲ್ಲಿ ಉತ್ತರ ಕಿವು ಪ್ರಾಂತ್ಯದಲ್ಲಿ ಭಾರತದ ಸೈನಿಕರು, ಪಕ್ಕದ ದಕ್ಷಿಣ ಕಿವುವಿನಲ್ಲಿ ಪಾಕಿಸ್ತಾನದ ಸೈನಿಕರು ಇದ್ದರು. ಇಲ್ಲಿ ಗಡಿಯಲ್ಲಿ ಎದುರು ಬದುರಾಗಿ ನಿಲ್ಲುವವರ ವರದಿಗಳು ಅಲ್ಲಿ ನನ್ನ ಮೇಜಿನ ಮೇಲೆ ಒಂದರ ಪಕ್ಕದಲ್ಲಿ ಒಂದು ಬಂದು ಕೂರುತ್ತಿದ್ದವು. ಎರಡೂ ಒಂದೇ ಅಳತೆಯ ಕಾಗದದಲ್ಲಿ, ಒಂದೇ ನಮೂನೆಯಲ್ಲಿ.

ಕಣ್ಣಿದ್ದೂ ಕಾಣದ ಸಂಸ್ಥೆ

ಶಾಂತಿಪಡೆಗೆ ಮಾಹಿತಿ ವಿಶ್ಲೇಷಕ ಏಕೆ ಬೇಕು? ಈ ಪ್ರಶ್ನೆಗೆ ಉತ್ತರ ರಕ್ತದಲ್ಲಿ ಬರೆಯಲ್ಪಟ್ಟಿದೆ.

1994ರ ಜನವರಿ 11ರಂದು ರುವಾಂಡಾದಲ್ಲಿದ್ದ ಶಾಂತಿಪಡೆಯ ದಂಡನಾಯಕ, ಕೆನಡಾದ ರೋಮಿಯೊ ಡಲೇರ್, ನ್ಯೂಯಾರ್ಕಿನ ಕೇಂದ್ರ ಕಚೇರಿಗೆ ಒಂದು ಸಂದೇಶ ಕಳುಹಿಸಿದರು. ರಾಜಧಾನಿಯಲ್ಲಿ ಶಸ್ತ್ರಾಸ್ತ್ರಗಳನ್ನು ಬಚ್ಚಿಡಲಾಗಿದೆ, ಟುಟ್ಸಿ ಜನರ ಪಟ್ಟಿ ತಯಾರಾಗುತ್ತಿದೆ, ಅದು ಅವರ ನಿರ್ನಾಮಕ್ಕಾಗಿ ಇರಬಹುದು ಎಂದು ಒಳಗಿನ ವ್ಯಕ್ತಿಯೊಬ್ಬ ತಿಳಿಸಿದ್ದಾನೆಂದು ಅದರಲ್ಲಿತ್ತು. ಆ ಶಸ್ತ್ರಗಳನ್ನು ವಶಪಡಿಸಿಕೊಳ್ಳಲು ಅವರಿಗೆ ಅನುಮತಿ ಸಿಗಲಿಲ್ಲ. ಎಪ್ರಿಲ್‌ನಲ್ಲಿ ಹತ್ಯಾಕಾಂಡ ಆರಂಭವಾಯಿತು. ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರ ಕೊಲೆಯಾಯಿತು. ಹೆಣಗಳು ಬೀಳುತ್ತಿರುವಾಗಲೇ, ಎಪ್ರಿಲ್ 21ರಂದು, ಭದ್ರತಾ ಮಂಡಳಿಯು ಆ ಪಡೆಯ ಗಾತ್ರವನ್ನು 270ಕ್ಕೆ ಇಳಿಸುವ ನಿರ್ಣಯ ಕೈಗೊಂಡಿತು! ಮರುವರ್ಷದ ಜುಲೈಯಲ್ಲಿ ಬೋಸ್ನಿಯಾದ ಸ್ರೆಬ್ರೆನಿಕಾದಲ್ಲಿ, ವಿಶ್ವಸಂಸ್ಥೆಯೇ ‘ಸುರಕ್ಷಿತ ಪ್ರದೇಶ’ವೆಂದು ಘೋಷಿಸಿದ್ದ ಊರಿನಲ್ಲಿ, 8 ಸಾವಿರಕ್ಕೂ ಹೆಚ್ಚು ಮುಸ್ಲಿಮ್ ಪುರುಷರನ್ನೂ ಬಾಲಕರನ್ನೂ ಕೊಲ್ಲಲಾಯಿತು.

ಈ ದುರಂತಗಳ ಬಳಿಕ ಅಲ್ಜೀರಿಯಾದ ಮಾಜಿ ವಿದೇಶಾಂಗ ಸಚಿವ ಲಖ್ದರ್ ಬ್ರಾಹಿಮಿಯವರ ನೇತೃತ್ವದ ಸಮಿತಿಯು 2000ದಲ್ಲಿ ಒಂದು ವರದಿ ಸಲ್ಲಿಸಿತು. ಮಾಹಿತಿಯನ್ನು ಕಲೆಹಾಕಿ ವಿಶ್ಲೇಷಿಸುವ ಪ್ರತ್ಯೇಕ ವಿಭಾಗವೊಂದು ಕೇಂದ್ರ ಕಚೇರಿಯಲ್ಲಿ ಇರಬೇಕೆಂಬುದು ಅದರ ಶಿಫಾರಸುಗಳಲ್ಲಿ ಒಂದು. ಸದಸ್ಯ ರಾಷ್ಟ್ರಗಳು ಅದನ್ನು ಒಪ್ಪಲಿಲ್ಲ. ವಿಶ್ವಸಂಸ್ಥೆ ತಮ್ಮ ಮೇಲೆಯೇ ಕಣ್ಣಿಟ್ಟರೆ ಎಂಬ ಅಂಜಿಕೆ ಅವುಗಳಿಗಿತ್ತು. 2003ರ ಆಗಸ್ಟ್ 19ರಂದು ಬಾಗ್ದಾದಿನ ವಿಶ್ವಸಂಸ್ಥೆಯ ಕಚೇರಿಯ ಮೇಲೆ ಬಾಂಬ್ ದಾಳಿ ನಡೆದು, ವಿಶೇಷ ಪ್ರತಿನಿಧಿ ಸೆರ್ಜಿಯೊ ವಿಯೆರಾ ಡಿ ಮೆಲ್ಲೊ ಸೇರಿದಂತೆ 22 ಮಂದಿ ಸತ್ತರು. ಆ ಬಳಿಕವೇ ಬದಲಾವಣೆಗೆ ವೇಗ ಸಿಕ್ಕಿತು. 2006ರ ಹೊತ್ತಿಗೆ, ದೊಡ್ಡ ಕಾರ್ಯಾಚರಣೆಗಳಲ್ಲಿ ಸೈನಿಕರು, ಪೊಲೀಸರು ಮತ್ತು ನಾಗರಿಕ ಸಿಬ್ಬಂದಿ ಒಟ್ಟಿಗೆ ಕುಳಿತು ಕೆಲಸ ಮಾಡುವ ಜಂಟಿ ವಿಶ್ಲೇಷಣಾ ಕೇಂದ್ರಗಳಿರಬೇಕೆಂಬುದು ಅಧಿಕೃತ ನೀತಿಯಾಯಿತು. ನನ್ನಂತಹ ಸ್ವಯಂಸೇವಕರಿಗೆ ಕುರ್ಚಿ ಸಿಕ್ಕಿದ್ದು ಹೀಗೆ.

ಇದು ಗೂಢಚರ್ಯೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಕಳ್ಳತನದಿಂದ ಕೇಳುವುದಕ್ಕೆ, ಲಂಚ ಕೊಟ್ಟು ಕಡತ ತರಿಸುವುದಕ್ಕೆ ಅಲ್ಲಿ ಅವಕಾಶವಿಲ್ಲ. 2017ರಲ್ಲಿ ಈ ಕುರಿತು ನೀತಿ ರೂಪಿಸಿದಾಗ ಗುಪ್ತ ಕಾರ್ಯಾಚರಣೆಗಳನ್ನು ಅದರಿಂದ ಸ್ಪಷ್ಟವಾಗಿ ಹೊರಗಿಡಲಾಯಿತು. ನಮ್ಮ ಬಂಡವಾಳವೆಂದರೆ ಜನರು ತಾವಾಗಿ ನಂಬಿ ಹೇಳಿದ ಮಾತು ಮಾತ್ರ.

ಸಂತೆ ಹೇಳುವ ಸುದ್ದಿ

ನನ್ನ ದಿನ ಬೆಳಿಗ್ಗೆ ಏಳೂವರೆಗೆ ಆರಂಭವಾಗುತ್ತಿತ್ತು. ರಾತ್ರಿ ಗಸ್ತು ತಿರುಗಿದ ಸೈನಿಕರ ವರದಿ, ನಿಶ್ಶಸ್ತ್ರ ಸೇನಾ ವೀಕ್ಷಕರ ವರದಿ, ಪೊಲೀಸರ ವರದಿ, ಮಾನವ ಹಕ್ಕುಗಳ ವಿಭಾಗದ ಟಿಪ್ಪಣಿ, ಪರಿಹಾರ ಸಂಸ್ಥೆಗಳ ಸುದ್ದಿ, ರೇಡಿಯೊ ಒಕಾಪಿಯ ವಾರ್ತೆ ಇವೆಲ್ಲವನ್ನೂ ಓದಬೇಕು. ಏನು ನಡೆಯಿತು, ಎಲ್ಲಿ, ಯಾವಾಗ, ಯಾರು ಮಾಡಿದರು, ಯಾರು ನೊಂದರು ಎಂದು ಬೇರ್ಪಡಿಸಿ ದಾಖಲಿಸಬೇಕು. ನಕಾಶೆಯ ಮೇಲೆ ಗುರುತಿಸಬೇಕು. ಇಷ್ಟು ಗುಮಾಸ್ತಗಿರಿ. ವಿಶ್ಲೇಷಣೆ ಆರಂಭವಾಗುವುದು ಆ ಬಳಿಕದ ಎರಡು ಪ್ರಶ್ನೆಗಳಿಂದ. ‘ಇದರ ಅರ್ಥವೇನು?’ ಮತ್ತು ‘ಮುಂದೇನಾಗಬಹುದು?’ ಉತ್ತರವನ್ನು ಎರಡು ಪುಟಗಳಲ್ಲಿ ಬರೆಯಬೇಕು. ನಿರ್ಧಾರ ಕೈಗೊಳ್ಳುವವರಿಗೆ ಮೂರನೆಯ ಪುಟ ಓದಲು ಪುರುಸೊತ್ತಿರುವುದಿಲ್ಲ.

ಪೂರ್ವ ಕಾಂಗೋದಲ್ಲಿ ನೂರಕ್ಕೂ ಹೆಚ್ಚು ಸಶಸ್ತ್ರ ಗುಂಪುಗಳಿವೆ. ಚಿನ್ನ, ತವರ, ಕೋಲ್ಟಾನ್ ಅದಿರಿನ ಮೇಲೆ ಹಲವರ ಕಣ್ಣಿದೆ. ನಮ್ಮ ಮೊಬೈಲ್ ಫೋನುಗಳಲ್ಲಿ ಬಳಕೆಯಾಗುವ ಟ್ಯಾಂಟಲಮ್ ಲೋಹ ಬರುವುದು ಆ ಕೋಲ್ಟಾನ್‌ನಿಂದ. ಆ ಗುಂಪುಗಳ ಹೆಸರು, ನಾಯಕರು, ಮೈತ್ರಿ ಮತ್ತು ವೈರವನ್ನು ಕಂಠಪಾಠ ಮಾಡುವುದರಲ್ಲಿ ನನ್ನ ಮೊದಲ ಮೂರು ತಿಂಗಳು ಕಳೆಯಿತು. ನಾನೊಬ್ಬ ಪಂಡಿತನಾದೆನೆಂಬ ಭ್ರಮೆಯೂ ಬಂತು.

ಆ ಭ್ರಮೆ ಕಳೆದವರು ನಮ್ಮ ಕಚೇರಿಯ ಸ್ಥಳೀಯ ಸಹೋದ್ಯೋಗಿಯೊಬ್ಬರು. ಸ್ವಾಹಿಲಿ, ಫ್ರೆಂಚ್, ಕಿನ್ಯರುವಾಂಡಾ ಮೂರನ್ನೂ ಬಲ್ಲ ಮಾಜಿ ಶಾಲಾ ಶಿಕ್ಷಕರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ಅವರನ್ನು ನಾನು ‘ಮೇಷ್ಟ್ರು’ ಎಂದೇ ನೆನೆಯುತ್ತೇನೆ. ಒಂದು ದಿನ ಅವರು, ‘ನೀವು ಬಂದೂಕುಗಳನ್ನು ಎಣಿಸುತ್ತೀರಿ. ಸಂತೆಯನ್ನು ಎಣಿಸಿದ್ದೀರಾ?’ ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. ಅವರು ವಿವರಿಸಿದರು. ದಾಳಿ ನಡೆಯುವ ಊರಿನಲ್ಲಿ ಮೊದಲು ಸಂತೆ ತೆಳುವಾಗುತ್ತದೆ. ಮರಗೆಣಸಿನ ಹಿಟ್ಟು ತರುವ ಹೆಂಗಸರು ದಾರಿ ಬದಲಿಸುತ್ತಾರೆ. ದನಗಾಹಿಗಳು ಕಾಲವಲ್ಲದ ಕಾಲದಲ್ಲಿ ಮಂದೆಯನ್ನು ಬೇರೆ ಗುಡ್ಡಕ್ಕೆ ಹೊಡೆಯುತ್ತಾರೆ. ತಾಯಂದಿರು ದೊಡ್ಡ ಮಕ್ಕಳನ್ನು ಪಟ್ಟಣದ ಸಂಬಂಧಿಕರ ಮನೆಗೆ ಕಳುಹಿಸುತ್ತಾರೆ. ಬಂದೂಕು ಸದ್ದು ಮಾಡುವುದು ಇದೆಲ್ಲ ಆದ ಮೇಲೆ. ಆದರೆ ನಮ್ಮ ವರದಿಗಳು ಆರಂಭವಾಗುತ್ತಿದ್ದುದೇ ಬಂದೂಕಿನ ಸದ್ದಿನಿಂದ!

ಲುವುಂಗಿಯ ಮೌನ

ಮೇಷ್ಟ್ರ ಮಾತಿನ ಹಿಂದೆ ಒಂದು ಕಹಿ ಇತಿಹಾಸವಿತ್ತು. ನಾನು ಅಲ್ಲಿಗೆ ಹೋಗುವ ನಾಲ್ಕು ವರ್ಷ ಮೊದಲು, 2010ರ ಜುಲೈ 30ರಿಂದ ಆಗಸ್ಟ್ 2ರ ವರೆಗೆ, ಉತ್ತರ ಕಿವುವಿನ ವಾಲಿಕಾಲೆ ಪ್ರದೇಶದ ಲುವುಂಗಿ ಮತ್ತು ಸುತ್ತಲಿನ ಹಳ್ಳಿಗಳ ಮೇಲೆ ಬಂಡುಕೋರರು ಎರಗಿದರು. 13 ಹಳ್ಳಿಗಳಲ್ಲಿ ಕನಿಷ್ಠ 387 ಮಂದಿ ಅತ್ಯಾಚಾರಕ್ಕೆ ಒಳಗಾದರೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ತನಿಖೆ ದಾಖಲಿಸಿತು. 300 ಮಹಿಳೆಯರು, 55 ಬಾಲಕಿಯರು, 23 ಪುರುಷರು, 9 ಬಾಲಕರು.

ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಶಾಂತಿಪಡೆಯ ಶಿಬಿರವಿತ್ತು. ಅಲ್ಲಿದ್ದವರು ನಮ್ಮದೇ ದೇಶದ ಸೈನಿಕರು. ಆ ಪ್ರದೇಶದಲ್ಲಿ ಬಂಡುಕೋರರು ಸೇರಿದ್ದಾರೆಂಬ ಸುದ್ದಿ ಮೊದಲೇ ಬಂದಿತ್ತು. ಆದರೆ ನಡೆದ ಘೋರದ ಪೂರ್ಣ ಚಿತ್ರಣ ವಿಶ್ವಸಂಸ್ಥೆಗೆ ದೊರೆತದ್ದು ಆಗಸ್ಟ್ 12ರ ಸುಮಾರಿಗೆ, ಅದೂ ವೈದ್ಯಕೀಯ ಪರಿಹಾರ ಸಂಸ್ಥೆಯೊಂದರಿಂದ. ಆ ಹಳ್ಳಿಗಳಲ್ಲಿ ಮೊಬೈಲ್ ಸಂಪರ್ಕವಿರಲಿಲ್ಲ. ಸೈನಿಕರಿಗೂ ಹಳ್ಳಿಗರಿಗೂ ನಡುವೆ ಭಾಷೆಯ ಗೋಡೆಯಿತ್ತು. ಭಯ ಮತ್ತು ಲಜ್ಜೆಯಿಂದ ಬಾಯಿ ಕಟ್ಟಿದ ಹೆಣ್ಣುಮಗಳು, ತನ್ನ ಭಾಷೆ ತಿಳಿಯದ ಬಂದೂಕುಧಾರಿ ಪರಪುರುಷನ ಮುಂದೆ ಏನು ತಾನೆ ಹೇಳಿಯಾಳು? ಸೆಪ್ಟೆಂಬರ್‌ನಲ್ಲಿ ಭದ್ರತಾ ಮಂಡಳಿಯ ಮುಂದೆ ನಿಂತು ಈ ವೈಫಲ್ಯವನ್ನು ಒಪ್ಪಿಕೊಂಡ ಉನ್ನತಾಧಿಕಾರಿಯೂ ಭಾರತೀಯರೇ, ಅತುಲ್ ಖರೆ.

ಆ ವರ್ಷದಿಂದ ಒಂದು ಹೊಸ ಏರ್ಪಾಡು ಬೆಳೆಯಿತು. ಸ್ಥಳೀಯ ಯುವಕ ಯುವತಿಯರನ್ನು ಜನಸಂಪರ್ಕ ಸಹಾಯಕರಾಗಿ ನೇಮಿಸಿ ಸೈನಿಕ ಶಿಬಿರಗಳಲ್ಲಿ ಇರಿಸಲಾಯಿತು. ಹಳ್ಳಿಯ ಹಿರಿಯರು, ಮಹಿಳಾ ಗುಂಪುಗಳು, ಶಿಕ್ಷಕರು ಇವರ ಕೈಗೆ ಫೋನು, ಫೋನು ಹೋಗದ ಕಡೆ ರೇಡಿಯೊ ಕೊಡಲಾಯಿತು. ಅಪಾಯದ ಸುಳಿವು ಸಿಕ್ಕೊಡನೆ ಅವರು ಶಿಬಿರಕ್ಕೆ ತಿಳಿಸಬೇಕು. ನನ್ನ ಮೇಜಿಗೆ ಬರುತ್ತಿದ್ದ ಅತ್ಯಂತ ಬೆಲೆಬಾಳುವ ಮಾಹಿತಿ ಉಪಗ್ರಹದ್ದಲ್ಲ, ಈ ಜನರದ್ದು.

‘ಎಫ್’ ಎಂಬ ಅಕ್ಷರ

ಬಂದ ಮಾಹಿತಿಯನ್ನೆಲ್ಲ ನಂಬಲಾದೀತೇ? ಇಲ್ಲ. ಅದಕ್ಕೊಂದು ಕ್ರಮವಿದೆ. ಸುದ್ದಿ ತಂದ ಮೂಲಕ್ಕೆ ‘ಎ’ಯಿಂದ ‘ಎಫ್’ವರೆಗಿನ ಒಂದು ಅಕ್ಷರ, ಸುದ್ದಿಗೆ 1ರಿಂದ 6ರವರೆಗಿನ ಒಂದು ಅಂಕೆ. ಹೇಳಿದವನು ಹಿಂದೆ ಎಷ್ಟು ಸಲ ಸತ್ಯ ಹೇಳಿದ್ದಾನೆ ಎಂಬುದು ಬೇರೆ, ಈಗ ಹೇಳಿದ ಮಾತು ಬೇರೆ ಸಂಗತಿಗಳೊಡನೆ ಹೊಂದುತ್ತದೆಯೇ ಎಂಬುದು ಬೇರೆ. ಸತ್ಯವಂತನೂ ತಪ್ಪು ಕೇಳಿರಬಹುದು. ಸುಳ್ಳುಗಾರನೂ ಒಮ್ಮೆ ನಿಜ ನುಡಿಯಬಹುದು.

ಸಹೋದರರೇ, ತರಬೇತಿಯಲ್ಲಿ ಇದನ್ನು ಕೇಳಿದಾಗ ನನಗೆ ಮದ್ರಸದ ಉಸ್ತಾದರು ನೆನಪಾದರು. ಹದೀಸ್ ವಿದ್ವಾಂಸರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ವರದಿಗಾರರ ಸರಪಣಿಯನ್ನು, ಅಂದರೆ ಸನದನ್ನು, ಪ್ರತ್ಯೇಕವಾಗಿಯೂ ವರದಿಯ ಒಡಲನ್ನು, ಅಂದರೆ ಮತ್ನನ್ನು, ಪ್ರತ್ಯೇಕವಾಗಿಯೂ ಪರೀಕ್ಷಿಸುವ ಶಾಸ್ತ್ರವನ್ನು ಕಟ್ಟಿದರು. ಸರಪಣಿಗಳು ಎಷ್ಟೇ ಇದ್ದರೂ ಅವೆಲ್ಲ ಒಬ್ಬನೇ ವ್ಯಕ್ತಿಯಲ್ಲಿ ಬಂದು ಸೇರಿದರೆ ಅದನ್ನು ಹಲವು ಸಾಕ್ಷಿಗಳೆಂದು ಅವರು ಎಣಿಸಲಿಲ್ಲ. ಸುದ್ದಿಯನ್ನು ಪರಿಶೀಲಿಸಬೇಕೆಂಬ ಸೂರಃ ಅಲ್ ಹುಜುರಾತ್‌ನ ಆದೇಶವಂತೂ ನಿಮಗೆಲ್ಲ ತಿಳಿದಿರುವಂತಹದ್ದೇ.

ಈಗ ಆ ‘ಎಫ್’ ಅಕ್ಷರವನ್ನು ಗಮನಿಸಿರಿ. ‘ಎಫ್’ ಎಂದರೆ ಸುಳ್ಳುಗಾರ ಎಂದಲ್ಲ. ‘ಈ ಮೂಲದ ಕುರಿತು ನಿರ್ಣಯಿಸಲು ನಮ್ಮಲ್ಲಿ ಆಧಾರವಿಲ್ಲ’ ಎಂದಷ್ಟೇ ಅರ್ಥ. ಹದೀಸ್ ಶಾಸ್ತ್ರದಲ್ಲಿಯೂ ಅಜ್ಞಾತ ವರದಿಗಾರನಿಗೆ ‘ಮಜ್‌ಹೂಲ್’ ಎಂಬ ಬೇರೆಯೇ ಹೆಸರಿದೆ, ಸುಳ್ಳುಗಾರನಿಗೆ ಬೇರೆಯೇ ಹೆಸರಿದೆ. ಆದರೆ ಕೆಲಸದ ಒತ್ತಡದಲ್ಲಿ ‘ಎಫ್’ ಎಂಬುದು ಕಸದ ಬುಟ್ಟಿಯಾಗಿಬಿಡುತ್ತದೆ. ಮುಖಗಳನ್ನು ನೋಡಿದರೆ ಇನ್ನೊಂದು ಸತ್ಯ ಹೊಳೆಯುತ್ತದೆ. ಅಧಿಕಾರಿಗೆ, ಗುಡ್ಡದ ಮುಖಂಡನಿಗೆ, ದೊಡ್ಡ ವ್ಯಾಪಾರಿಗೆ ‘ಬಿ’ ಸಿಗುತ್ತದೆ. ಏಕೆಂದರೆ ಅವರ ಜೊತೆ ನಾವು ಮೊದಲೇ ಮಾತಾಡಿರುತ್ತೇವೆ. ತಲೆಯ ಮೇಲೆ ಮೂಟೆ ಹೊತ್ತು ಬಂದ ಹೆಂಗಸಿಗೆ ಯಾವಾಗಲೂ ‘ಎಫ್’. ಏಕೆಂದರೆ ಅವಳನ್ನು ನಾವು ಹಿಂದೆಂದೂ ಕೇಳಿಯೇ ಇರುವುದಿಲ್ಲ.

ನನ್ನ ತಪ್ಪು

ಇನ್ನೊಬ್ಬರ ತಪ್ಪುಗಳನ್ನು ಹೇಳಿ ಮುಗಿಸಿದರೆ ಈ ಭಾಷಣ ಅಪ್ರಾಮಾಣಿಕವಾದೀತು. ನನ್ನದನ್ನೂ ಹೇಳುತ್ತೇನೆ. ಗೌಪ್ಯತೆಯ ಕಾರಣದಿಂದ ಊರಿನ ಹೆಸರು ಹೇಳಲಾರೆ.

ಬೆಟ್ಟದ ಮೇಲಿನ ಹಳ್ಳಿಯೊಂದನ್ನು ಸಶಸ್ತ್ರ ಗುಂಪೊಂದು ಸುಟ್ಟಿದೆ ಎಂಬ ಸುದ್ದಿ ಬಂತು. ಗಸ್ತಿನವರ ವರದಿಯಲ್ಲಿ ಅದಿತ್ತು. ಪರಿಹಾರ ಸಂಸ್ಥೆಯೊಂದರ ಪತ್ರದಲ್ಲಿಯೂ ಇತ್ತು. ಸ್ಥಳೀಯ ಆಡಳಿತಾಧಿಕಾರಿಯೂ ಅದನ್ನೇ ಹೇಳಿದರು. ‘ಮೂರು ಪ್ರತ್ಯೇಕ ಮೂಲಗಳಿಂದ ದೃಢಪಟ್ಟಿದೆ’ ಎಂದು ನಾನು ಬರೆದೆ. ಅದೇ ದಿನ ಜನಸಂಪರ್ಕ ಸಹಾಯಕಿಯೊಬ್ಬರ ಎರಡು ಸಾಲಿನ ಟಿಪ್ಪಣಿಯೂ ಬಂದಿತ್ತು. ಹಿಟ್ಟು ಮಾರುವ ಹೆಂಗಸೊಬ್ಬಳು, ಕೆಳಗಿನ ಹೊಳೆಯ ದಾರಿಯಲ್ಲಿ ಅಪರಿಚಿತ ಗಂಡಸರು ಬೀಡು ಬಿಟ್ಟಿದ್ದಾರೆ, ನಾವು ಆ ದಾರಿ ಬಿಟ್ಟಿದ್ದೇವೆ ಎಂದು ಹೇಳಿದ್ದಳು. ಅದಕ್ಕೆ ನಾನು ‘ಎಫ್ 6’ ಎಂದು ಗುರುತು ಹಾಕಿ ಬದಿಗಿಟ್ಟೆ.

ಗಸ್ತು ಬೆಟ್ಟ ಹತ್ತಿತು. ಎರಡು ದಿನ ಅಲ್ಲಿಯೇ ಸುತ್ತಿತು. ಯಾವ ಹಳ್ಳಿಯೂ ಸುಟ್ಟಿರಲಿಲ್ಲ. ಯಾರೋ ಗದ್ದೆಯ ಕಸಕ್ಕೆ ಬೆಂಕಿ ಹಾಕಿದ್ದರು. ಆ ಎರಡು ದಿನಗಳಲ್ಲಿ ಕೆಳಗಿನ ಹೊಳೆಯ ದಾರಿಯಲ್ಲಿ, ವಿಷಯ ತಿಳಿಯದೆ ಬೇರೆ ಊರಿನಿಂದ ಸಂತೆಗೆ ಹೊರಟಿದ್ದ ಹೆಂಗಸರನ್ನು ಬಂದೂಕುಧಾರಿಗಳು ತಡೆದರು. ಮೂಟೆಗಳನ್ನು ಕಸಿದರು. ಪ್ರತಿರೋಧಿಸಿದ ಇಬ್ಬರನ್ನು ಬಂದೂಕಿನ ಹಿಡಿಯಿಂದ ಹೊಡೆದರು. ಅವರಲ್ಲಿ ಒಬ್ಬಾಕೆ ಒಂದು ಕಣ್ಣು ಕಳಕೊಂಡಳು.

ನಾನು ಕಡತ ತೆರೆದು ಕುಳಿತೆ. ಮೇಷ್ಟ್ರು ಪಕ್ಕದಲ್ಲಿ ಬಂದು ನಿಂತು ಒಂದೇ ಪ್ರಶ್ನೆ ಕೇಳಿದರು. ‘ಈ ಮಾತನ್ನು ಮೊದಲು ಹೇಳಿದವರು ಯಾರು?’ ಹಿಂದೆ ಹಿಂದೆ ಹೋದಾಗ ತಿಳಿದದ್ದೇನು? ಗಸ್ತಿನವರಿಗೆ ಹೇಳಿದ್ದು ಆಡಳಿತಾಧಿಕಾರಿಯ ಕಚೇರಿಯವರು. ಪರಿಹಾರ ಸಂಸ್ಥೆ ಅದನ್ನು ಗಸ್ತಿನವರಿಂದ ಕೇಳಿತ್ತು. ಆಡಳಿತಾಧಿಕಾರಿಗೆ ಹೇಳಿದ್ದು ಒಬ್ಬ ಮರದ ವ್ಯಾಪಾರಿ. ಆತ ದೂರದಿಂದ ಹೊಗೆ ಕಂಡಿದ್ದ, ಅಷ್ಟೇ. ನನ್ನ ಮೂರು ಮೂಲಗಳು ಒಂದೇ ಬಾಯಿಯ ಮೂರು ಪ್ರತಿಧ್ವನಿಗಳು! ಕಣ್ಣಾರೆ ಕಂಡಿದ್ದವಳು ಒಬ್ಬಳೇ ಒಬ್ಬಳು. ಅವಳಿಗೆ ನಾನು ‘ಎಫ್’ ಕೊಟ್ಟಿದ್ದೆ.

ನನ್ನನ್ನು ಯಾರೂ ಶಿಕ್ಷಿಸಲಿಲ್ಲ. ಅಂತಹ ತಪ್ಪಿಗೆ ಶಿಕ್ಷೆಯ ನಿಯಮವೂ ಇಲ್ಲ. ಆದರೆ ಅಂದಿನಿಂದ ನಾನು ಬರೆದ ಪ್ರತಿಯೊಂದು ವರದಿಯ ಅಂಚಿನಲ್ಲಿ ಮೇಷ್ಟ್ರ ಪ್ರಶ್ನೆಯನ್ನು ಪೆನ್ಸಿಲಿನಿಂದ ಬರೆದಿಟ್ಟುಕೊಂಡೆ. ‘ಎಫ್’ ಗುರುತಿನ ಟಿಪ್ಪಣಿಗಳನ್ನು ದಿನದ ಕೊನೆಗಲ್ಲ, ದಿನದ ಆರಂಭದಲ್ಲಿಯೇ ಓದತೊಡಗಿದೆ.

ಸುಳ್ಳಿಗೆ ಅಧಿಕಾರದ ಮುದ್ರೆ

ನನ್ನದು ಅಜಾಗ್ರತೆಯ ತಪ್ಪು. ಜಗತ್ತಿನಲ್ಲಿ ಉದ್ದೇಶಪೂರ್ವಕ ತಪ್ಪುಗಳೂ ನಡೆಯುತ್ತವೆ. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ಅದೇ ಭದ್ರತಾ ಮಂಡಳಿಯಲ್ಲಿ ಕುಳಿತು, ಇರಾಕಿನ ಬಳಿ ಜೈವಿಕ ಅಸ್ತ್ರಗಳನ್ನು ತಯಾರಿಸುವ ಸಂಚಾರಿ ಪ್ರಯೋಗಾಲಯಗಳಿವೆ ಎಂದು ಚಿತ್ರ ಸಹಿತ ವಿವರಿಸಿದರು. ಆ ಆರೋಪದ ಮುಖ್ಯ ಮೂಲ ಜರ್ಮನಿಯಲ್ಲಿ ಆಶ್ರಯ ಪಡೆದಿದ್ದ ಒಬ್ಬ ಇರಾಕಿ. ಗುಪ್ತಚರರು ಆತನಿಗಿಟ್ಟ ಸಂಕೇತನಾಮ ‘ಕರ್ವ್‌ಬಾಲ್’. ಆತ ಜರ್ಮನರಿಗೆ ಹೇಳಿದ್ದು, ಜರ್ಮನರು ಅಮೆರಿಕಕ್ಕೆ ದಾಟಿಸಿದ್ದು. ತಾನು ಹೇಳಿದ್ದು ಸುಳ್ಳೆಂದು 2011ರಲ್ಲಿ ಆತನೇ ಒಪ್ಪಿಕೊಂಡ. ಅಷ್ಟರಲ್ಲಿ ಒಂದು ದೇಶ ಧ್ವಂಸವಾಗಿತ್ತು. ಅದೇ ಸಂದರ್ಭದಲ್ಲಿ ಇರಾಕಿನ ನೆಲದ ಮೇಲೆ ಓಡಾಡುತ್ತಿದ್ದ ವಿಶ್ವಸಂಸ್ಥೆಯ ತಪಾಸಣಾ ತಂಡದ ಮುಖ್ಯಸ್ಥ ಹಾನ್ಸ್ ಬ್ಲಿಕ್ಸ್ ಇನ್ನಷ್ಟು ಸಮಯ ಕೇಳುತ್ತಿದ್ದರು. ಕಣ್ಣಾರೆ ಹುಡುಕುತ್ತಿದ್ದವರಿಗೆ ಸಮಯ ಸಿಗಲಿಲ್ಲ. ನೋಡದೆ ಹೇಳಿದವನಿಗೆ ಸಿಂಹಾಸನ ಸಿಕ್ಕಿತು.

ಡಲೇರ್‌ಗೆ ಮಾಹಿತಿ ನೀಡಿದವನನ್ನು ನಂಬಲಿಲ್ಲ, ‘ಕರ್ವ್‌ಬಾಲ್’ನನ್ನು ನಂಬಿದರು. ವ್ಯತ್ಯಾಸವಿದ್ದುದು ಮಾಹಿತಿಯ ಗುಣಮಟ್ಟದ್ದಲ್ಲ. ಒಂದು ಮಾಹಿತಿ ಬಲಾಢ್ಯರನ್ನು ಕಾರ್ಯಕ್ಕೆ ಎಳೆಯುತ್ತಿತ್ತು, ಅದು ಅವರಿಗೆ ಬೇಡವಾಗಿತ್ತು. ಇನ್ನೊಂದು ಅವರು ಮೊದಲೇ ಮಾಡಬೇಕೆಂದುಕೊಂಡಿದ್ದ ಕಾರ್ಯಕ್ಕೆ ನೆಪ ಒದಗಿಸುತ್ತಿತ್ತು. ಆದುದರಿಂದ ಮಾಹಿತಿ ವಿಶ್ಲೇಷಣೆಯು ಬರೇ ತಾಂತ್ರಿಕ ವಿದ್ಯೆಯೆಂದು ಯಾರೂ ಭಾವಿಸಬಾರದು. ಅದು ನ್ಯಾಯದ ಪ್ರಶ್ನೆ. ಐದು ರಾಷ್ಟ್ರಗಳ ಕೈಯಲ್ಲಿ ವೀಟೊ ಇರುವ ವ್ಯವಸ್ಥೆಯಲ್ಲಿ ಅತ್ಯುತ್ತಮ ವರದಿಯೂ ಕಪಾಟಿನಲ್ಲಿ ಕೊಳೆಯಬಹುದು. ಇದು ನನಗೆ ಗೊತ್ತು. ಆದರೂ ವರದಿ ಬರೆಯಲೇಬೇಕು. ‘ನಮಗೆ ತಿಳಿದಿರಲಿಲ್ಲ’ ಎಂಬ ನೆಪ ನಾಳೆ ಅವರಿಗೆ ಸಿಗಬಾರದು.

ಹಿಂದೆ ಉಳಿಯುವವರು

ನನ್ನ ಒಪ್ಪಂದ ಮುಗಿದಾಗ ವಿಮಾನ ಹತ್ತಿ ಊರಿಗೆ ಬಂದೆ. ಮೇಷ್ಟ್ರು ಬರಲಿಲ್ಲ. ಅವರ ಊರೇ ಅದು. ಈ ವೃತ್ತಿಯ ಅತಿ ದೊಡ್ಡ ಅಸಮಾನತೆ ಇಲ್ಲಿಯೇ ಇದೆ. ಮಾಹಿತಿ ಕೇಳುವವನು ಹೊರಟುಹೋಗುತ್ತಾನೆ, ಹೇಳಿದವರು ಅಲ್ಲಿಯೇ ಉಳಿಯುತ್ತಾರೆ. 2017ರ ಮಾರ್ಚ್‌ನಲ್ಲಿ ಕಾಂಗೋದ ಕಸಾಯಿ ಪ್ರದೇಶದಲ್ಲಿ ತನಿಖೆಗೆ ಹೋದ ವಿಶ್ವಸಂಸ್ಥೆಯ ಇಬ್ಬರು ತಜ್ಞರು, ಸ್ವೀಡನ್ನಿನ ಝೈದಾ ಕತಲಾನ್ ಮತ್ತು ಅಮೆರಿಕದ ಮೈಕೆಲ್ ಶಾರ್ಪ್, ಕೊಲೆಯಾದರು. ಅವರ ಹೆಸರು ಜಗತ್ತಿಗೆಲ್ಲ ತಿಳಿಯಿತು. ಅವರ ಜೊತೆ ಹೋದ ಕಾಂಗೋದ ದುಭಾಷಿಯೂ ಮೋಟಾರ್ ಬೈಕ್ ಚಾಲಕರೂ ಮರಳಲಿಲ್ಲ. ಅವರ ಹೆಸರು ಎಷ್ಟು ಮಂದಿಗೆ ಗೊತ್ತು?

2025ರ ಜನವರಿ ಕೊನೆಯ ವಾರದಲ್ಲಿ ಗೋಮಾ ನಗರವನ್ನು ಎಂ-23 ಬಂಡುಕೋರರು ವಶಪಡಿಸಿಕೊಂಡರೆಂಬ ಸುದ್ದಿ ಬಂದಾಗ ನಾನು ಮೇಷ್ಟ್ರಿಗೆ ಫೋನು ಮಾಡಿದೆ. ಫೋನು ಸತ್ತಿತ್ತು. ದಿನವೂ ಪ್ರಯತ್ನಿಸಿದೆ. ಶಾಂತಿಪಡೆಯೊಂದಿಗೆ ದುಡಿದವನೆಂದು ಯಾರಾದರೂ ಬೆರಳು ತೋರಿಸಿದರೆ ಅವರ ಗತಿಯೇನು? ನಾನು ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಓದಿದ್ದು ಸತ್ತವರ ಸಂಖ್ಯೆಯನ್ನಲ್ಲ. ಆ ಸಂಖ್ಯೆಯನ್ನು ಮೊದಲು ಹೇಳಿದವರು ಯಾರೆಂದು ಹುಡುಕುತ್ತಿದ್ದೆ. ಹನ್ನೊಂದನೆಯ ದಿನ ಅಪರಿಚಿತ ಸಂಖ್ಯೆಯಿಂದ ಒಂದು ಸಂದೇಶ ಬಂತು. ‘ನಾವು ಬದುಕಿದ್ದೇವೆ. ಈ ಸಂಖ್ಯೆಯನ್ನು ಉಳಿಸಿಕೊಳ್ಳಬೇಡಿ.’ ನಾನು ಅದನ್ನು ಅಳಿಸಿದೆ. ಅವರು ನನಗೆ ಕೊಟ್ಟ ಕೊನೆಯ ಪಾಠವದು. ಮಾಹಿತಿಯೆಂಬುದು ಅಮಾನತ್. ಅದನ್ನು ಒಪ್ಪಿಸಿದವರ ಪ್ರಾಣವೂ ಅದರ ಜೊತೆಗೇ ನಮ್ಮ ಕೈಯಲ್ಲಿರುತ್ತದೆ.

ಬೆಂಗಳೂರಿನ ರೈಲು ನಿಲ್ದಾಣ

ಇಷ್ಟು ದೂರದ ಕತೆ ನಮಗೇಕೆಂದು ನೀವು ಕೇಳಬಹುದು. ನಾನು ಈ ಕೆಲಸಕ್ಕೆ ಹೋಗಲು ಪ್ರೇರಣೆಯಾದದ್ದು ಕಾಂಗೋ ಅಲ್ಲ, ಬೆಂಗಳೂರು. 2012ರ ಆಗಸ್ಟ್‌ನಲ್ಲಿ ನಾನು ಅಲ್ಲಿ ಉದ್ಯೋಗದಲ್ಲಿದ್ದೆ. ಅಸ್ಸಾಮಿನ ಗಲಭೆಗೆ ಪ್ರತೀಕಾರವಾಗಿ ರಮಝಾನಿನ ಬಳಿಕ ಈಶಾನ್ಯದ ಜನರ ಮೇಲೆ ಮುಸ್ಲಿಮರು ದಾಳಿ ಮಾಡಲಿದ್ದಾರೆಂಬ ಸಂದೇಶಗಳು ಫೋನಿನಿಂದ ಫೋನಿಗೆ ಹಾರಿದವು. ಸಾವಿರಾರು ಮಂದಿ ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನು ಓಡಿಸಬೇಕಾಯಿತು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳುಹಿಸಬಾರದೆಂದು ಕೇಂದ್ರ ಸರಕಾರ ನಿರ್ಬಂಧ ಹೇರಿತು. ನಮ್ಮ ಸಮುದಾಯದ ಸಂಘಟನೆಗಳವರು ನಿಲ್ದಾಣಕ್ಕೆ ಹೋಗಿ, ‘ಹೋಗಬೇಡಿ, ನಾವಿದ್ದೇವೆ’ ಎಂದು ಕೈಮುಗಿದರು. ನಾನೂ ಅವರಲ್ಲಿ ಒಬ್ಬನಾಗಿ ನಿಂತಿದ್ದೆ. ಬೋಗಿಯ ಕಿಟಕಿಯಲ್ಲಿದ್ದ ಯುವಕನೊಬ್ಬನನ್ನು, ‘ನಿನಗೆ ಹೇಳಿದವರು ಯಾರು?’ ಎಂದು ಕೇಳಿದೆ. ‘ಎಲ್ಲರೂ ಹೇಳುತ್ತಿದ್ದಾರೆ’ ಎಂದ. ಎಲ್ಲರೂ ಹೇಳುತ್ತಿದ್ದರು. ಕಂಡವರು ಒಬ್ಬರೂ ಇರಲಿಲ್ಲ.

ಅಂದು ನಾವು ಆ ಸುಳ್ಳಿನ ಬಲಿಪಶುಗಳಾಗಿದ್ದೆವು. ಆದರೆ ಆತ್ಮವಿಮರ್ಶೆ ಮಾಡಿಕೊಳ್ಳೋಣ. ನಮ್ಮ ಫೋನುಗಳಿಗೆ ಬರುವ ಸಂದೇಶಗಳಲ್ಲಿ, ನಮ್ಮ ಸಿಟ್ಟಿಗೆ ಒಗ್ಗುವ ಸುದ್ದಿಯನ್ನು ನಾವು ಎಷ್ಟು ಸಲ ಪರಿಶೀಲಿಸದೆ ದಾಟಿಸಿದ್ದೇವೆ? ಹಳೆಯ ಚಿತ್ರವನ್ನು ಹೊಸ ಊರಿನದೆಂದು ಎಷ್ಟು ಸಲ ನಂಬಿದ್ದೇವೆ? ಇನ್ನೊಬ್ಬರ ಸುಳ್ಳನ್ನು ಖಂಡಿಸುವ ನೈತಿಕ ಅಧಿಕಾರ ನಮಗೆ ಬರುವುದು, ನಮ್ಮ ಪರವಾದ ಸುಳ್ಳನ್ನೂ ನಾವು ತಡೆದಾಗ ಮಾತ್ರ.

ಇಲ್ಲಿ ಕುಳಿತಿರುವ ವಿದ್ಯಾರ್ಥಿ ವಿದ್ಯಾರ್ಥಿನಿಯರಲ್ಲಿ ನನ್ನ ವಿನಂತಿ ಇಷ್ಟೇ. ಭಾಷೆಗಳನ್ನು ಕಲಿಯಿರಿ. ಅಂಕಿ ಅಂಶಗಳನ್ನು ಓದಲು ಕಲಿಯಿರಿ. ಸಾಧ್ಯವಿರುವವರು ಬದುಕಿನ ಎರಡು ವರ್ಷಗಳನ್ನು ಇಂತಹ ಸೇವೆಗೆ ಮೀಸಲಿಡಿರಿ. ಹೋಗಲಾಗದವರು ಇಲ್ಲಿಯೇ, ನಿಮ್ಮ ಮೊಹಲ್ಲಾದಲ್ಲಿಯೇ ಆ ಕೆಲಸ ಮಾಡಬಹುದು. ಗಲಭೆಯ ಸುದ್ದಿ ಬಂದಾಗ ಹತ್ತು ಮಂದಿಗೆ ದಾಟಿಸುವ ಮೊದಲು ಒಬ್ಬರಿಗೆ ಫೋನು ಮಾಡಿ ವಿಚಾರಿಸಿರಿ. ಮೂವರು ಒಂದೇ ಮಾತು ಹೇಳಿದರೆ ಆ ಮೂವರಿಗೂ ಹೇಳಿದವರು ಯಾರೆಂದು ಕೇಳಿರಿ. ಹಾಗೆಯೇ, ಯಾರೂ ಕಿವಿಗೊಡದ ಒಬ್ಬ ಹೆಂಗಸು, ಒಬ್ಬ ಕೂಲಿಯಾಳು, ಒಬ್ಬ ವಲಸಿಗ ಬಂದು ಏನನ್ನಾದರೂ ಹೇಳಿದರೆ ಅವರ ಹೆಸರಿನ ಮುಂದೆ ‘ಎಫ್’ ಎಂದು ಬರೆದು ಬದಿಗಿಡಬೇಡಿರಿ.

ಹೊಳೆಯ ದಾರಿಯ ಸುದ್ದಿ ತಂದ ಆ ಹಿಟ್ಟಿನ ವ್ಯಾಪಾರಿಯ ಹೆಸರನ್ನು ನಾನು ಕೇಳಿ ತಿಳಿದುಕೊಳ್ಳಲಿಲ್ಲ. ಅದು ನನ್ನ ಎರಡನೆಯ ತಪ್ಪು. ಅದನ್ನು ತಿದ್ದಿಕೊಳ್ಳುವ ಅವಕಾಶ ನನಗೆ ಸಿಗಲಿಲ್ಲ. ನಿಮಗೆ ಪ್ರತಿದಿನವೂ ಸಿಗುತ್ತದೆ.